ಎಪ್ಪತ್ತು ಕೆ.ಜಿ. ಇಳಿದ ಕಾರು

ಮನುಷ್ಯನಿಗೆ ವಯಸ್ಸಾದಂತೆಲ್ಲ ಅವನ ಸುತ್ತಮುತ್ತಲಿನ ಸಾಮಾನುಗಳು ತೂಕ ಏರಿಸಿಕೊಳ್ಳುತ್ತವೆ. ಇದನ್ನು ಯಾವ ವಿಜ್ಞಾನಿಯೂ ಬರೆದಿಟ್ಟಂತಿಲ್ಲ, ಆದರೆ ಎಪ್ಪತ್ತು ದಾಟಿದ ಯಾರನ್ನು ಬೇಕಾದರೂ ಕೇಳಿ ನೋಡಿ. ನಿನ್ನೆ ಮೊನ್ನೆಯವರೆಗೆ ಒಂದೇ ಕೈಯಲ್ಲಿ ಎತ್ತುತ್ತಿದ್ದ ನೀರಿನ ಕೊಡಕ್ಕೆ ಇದ್ದಕ್ಕಿದ್ದಂತೆ ಎರಡು ಕೈ ಬೇಕಾಗುತ್ತದೆ. ಗ್ಯಾಸ್ ಸಿಲಿಂಡರು ಅಡುಗೆಮನೆಯ ನೆಲಕ್ಕೆ ಬೇರು ಬಿಡುತ್ತದೆ. ಅಟ್ಟದ ಮೇಲಿನ ಹಿತ್ತಾಳೆ ಹಂಡೆ ನಮ್ಮನ್ನು ಕಂಡರೆ ಇನ್ನೂ ನಾಲ್ಕು ಅಂಗುಲ ಹಿಂದಕ್ಕೆ ಸರಿದು ಕೂರುತ್ತದೆ. ಇಷ್ಟೆಲ್ಲ ಆದರೂ ‘ನನ್ನ ತೋಳಿನ ಕಸುವು ಇಳಿಯಿತು’ ಎಂದು ಒಪ್ಪಿಕೊಂಡ ಮುದುಕನನ್ನು ನಾನು ಕಂಡಿಲ್ಲ. ಕೊಡ ಮೊದಲಿನಂತಿಲ್ಲ, ಸಿಲಿಂಡರು ಮೊದಲಿನಂತಿಲ್ಲ, ಕಾಲವೇ ಮೊದಲಿನಂತಿಲ್ಲ ಎನ್ನುತ್ತೇವೆಯೇ ಹೊರತು ತೋಳಿನ ಸುದ್ದಿಗೆ ಹೋಗುವುದಿಲ್ಲ. ನಾನೂ ಅದೇ ಜಾತಿಯವನು. ನನ್ನ ಕಾರಿನ ಸ್ಟೇರಿಂಗು ಭಾರವಾದಾಗ ನಾನು ತಪ್ಪು ಹೊರಿಸಿದ್ದು ಚಕ್ರಗಳ ಮೇಲೆ. ಆ ಚಕ್ರಗಳಿಂದ ಒಂದು ಸುಳ್ಳು ಹುಟ್ಟಿತು. ಆ ಸುಳ್ಳನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಓಡಾಡಿ ನನಗೆ ಸಾಕಾಗಿದೆ. ಇವತ್ತು ಹೇಳಿಬಿಡುತ್ತೇನೆ.

ಮೊದಲು ನನ್ನ ವಿಚಾರ ಎರಡು ಮಾತು. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಓದಿದ್ದಕ್ಕಿಂತ ತೂಗಿದ್ದೇ ಹೆಚ್ಚು. ಒಂದು ಸಕ್ಕರೆ ಕಾರ್ಖಾನೆಯ ತೂಕದ ಮನೆಯಲ್ಲಿ ಮೂವತ್ತನಾಲ್ಕು ವರ್ಷ ಗುಮಾಸ್ತನಾಗಿದ್ದೆ. ಕಬ್ಬು ತುಂಬಿದ ಗಾಡಿ ಬಂದು ತೂಕದ ಹಲಗೆಯ ಮೇಲೆ ನಿಲ್ಲುತ್ತದೆ, ಬರೆದುಕೊಳ್ಳಬೇಕು. ಕಬ್ಬು ಇಳಿಸಿ ಬರಿಗಾಡಿ ವಾಪಸು ಬರುತ್ತದೆ, ಅದನ್ನೂ ಬರೆದುಕೊಳ್ಳಬೇಕು. ಮೊದಲಿನದರಲ್ಲಿ ಎರಡನೆಯದನ್ನು ಕಳೆದರೆ ಕಬ್ಬಿನ ತೂಕ. ಕೆಲಸ ಇಷ್ಟೇ. ಆದರೆ ಈ ಇಷ್ಟೇ ಕೆಲಸದಲ್ಲಿ ಹೆಸರು ಉಳಿಸಿಕೊಳ್ಳುವುದು ಸುಲಭವಲ್ಲ. ನಾನು ಉಳಿಸಿಕೊಂಡಿದ್ದೆ. ‘ತೂಕದ ಚನ್ನಪ್ಪ’ ಎಂದರೆ ಹನಕೆರೆಯಿಂದ ಮಳವಳ್ಳಿಯವರೆಗೆ ಹಳೆಯ ರೈತರು ಈಗಲೂ ಗುರುತಿಸುತ್ತಾರೆ. ಚನ್ನಪ್ಪ ಬರೆದ ತೂಕಕ್ಕೆ ಎರಡನೇ ಮಾತಿಲ್ಲ ಎನ್ನುತ್ತಿದ್ದರು. ನನ್ನ ಹೆಂಡತಿ ಜಯಮ್ಮ ಕೂಡ, ಬೇರೆ ಯಾವ ವಿಷಯದಲ್ಲಿ ನನ್ನ ಮಾತು ನಂಬದಿದ್ದರೂ, ತೂಕದ ವಿಷಯದಲ್ಲಿ ನಂಬುತ್ತಿದ್ದಳು. ಸಂತೆಯಿಂದ ತಂದ ಬದನೆಕಾಯಿ ಚೀಲವನ್ನು ನನ್ನ ಕೈಗೆ ಕೊಟ್ಟು, ‘ಎರಡು ಕೇಜಿ ಸರಿಯಾಗದಾ ನೋಡಿ’ ಎನ್ನುತ್ತಿದ್ದಳು. ನಾನು ಚೀಲವನ್ನು ಒಂದು ಸಲ ಎತ್ತಿ ಇಳಿಸಿ, ಐವತ್ತು ಗ್ರಾಂ ಕಮ್ಮಿ ಎಂದರೆ ಅವಳು ಚೀಲದ ಸಮೇತ ಸಂತೆಗೆ ವಾಪಸು ಹೋಗುತ್ತಿದ್ದಳು.

ನಮ್ಮ ಮನೆ ಮಂಡ್ಯದ ಗುತ್ತಲಿನಲ್ಲಿ. ಜಯಮ್ಮನ ತವರು ಮಳವಳ್ಳಿ. ಅಲ್ಲಿ ಅವಳ ತಮ್ಮ ಶಿವಣ್ಣ ಇದ್ದಾನೆ. ಬಾಡಿಗೆ ಕಾರು ಓಡಿಸುತ್ತಾನೆ, ಬೆಳಿಗ್ಗೆ ಮೇಷ್ಟ್ರುಗಳನ್ನು ಹಳ್ಳಿಯ ಶಾಲೆಗಳಿಗೆ ಬಿಟ್ಟು ಸಂಜೆ ಕರೆತರುತ್ತಾನೆ. ಹದಿನೈದು ದಿನಕ್ಕೊಮ್ಮೆ ನಾವಿಬ್ಬರೂ ನಮ್ಮ ಹಳೆಯ ಸಣ್ಣ ಕಾರಿನಲ್ಲಿ ಮದ್ದೂರಿನ ಮೇಲೆ ಮಳವಳ್ಳಿಗೆ ಹೋಗಿ ಬರುವುದು ಪದ್ಧತಿ. ಈ ಹದಿನೈದು ದಿನದ ಪ್ರಯಾಣ ನನಗೆ ಎಂಥದ್ದು ಎಂದು ಹೇಳಬೇಕು. ತೂಕದ ಮನೆಯಲ್ಲಿ ನಾನು ‘ನಿಲ್ಸು’ ಎಂದರೆ ಎತ್ತೂ ನಿಲ್ಲುತ್ತಿತ್ತು, ಲಾರಿಯೂ ನಿಲ್ಲುತ್ತಿತ್ತು. ನಿವೃತ್ತಿಯಾದ ಮೇಲೆ ನನ್ನ ಮಾತು ಕೇಳಿ ನಿಲ್ಲುವುದು, ಹೊರಡುವುದು, ತಿರುಗುವುದು ಈ ಭೂಮಿಯ ಮೇಲೆ ಒಂದೇ ಒಂದು, ಅದು ನನ್ನ ಕಾರು. ಅದರ ಕೀ ಜೇಬಿನಲ್ಲಿದ್ದರೆ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ಆ ಕಾರಿನ ಸ್ಟೇರಿಂಗು ಎರಡು ವರ್ಷದಿಂದ ಒಂದೇ ಸಮನೆ ಭಾರವಾಗುತ್ತ ಬಂತು. ನೇರ ದಾರಿಯಲ್ಲಿ ಪರವಾಗಿಲ್ಲ, ತಿರುವಿನಲ್ಲಿ ಮಾತ್ರ ಒನಕೆ ತಿರುಗಿಸಿದಂತೆ. ಹೋದ ವರ್ಷ ಮಳವಳ್ಳಿಯಲ್ಲಿ, ಶಿವಣ್ಣನ ಬೀದಿಗೆ ತಿರುಗುವ ಮೂಲೆಯಲ್ಲಿ, ನಾನು ತಿರುಗಿಸಿದೆ, ಕಾರು ತಿರುಗುವುದಕ್ಕೆ ಸ್ವಲ್ಪ ಯೋಚನೆ ಮಾಡಿತು. ಅಷ್ಟರಲ್ಲಿ ಪ್ಲಾಸ್ಟಿಕ್ ಸಾಮಾನಿನ ಅಂಗಡಿಯ ಮುಂದೆ ಗೋಪುರದಂತೆ ಪೇರಿಸಿದ್ದ ಬಕೆಟ್ಟುಗಳಿಗೆ ಮುಟ್ಟಿತು. ಯಾರಿಗೂ ಏನೂ ಆಗಲಿಲ್ಲ. ಬಕೆಟ್ಟುಗಳು ಮಾತ್ರ ನೀಲಿ, ಕೆಂಪು, ಹಸಿರು ಎಂದು ಬೀದಿಯುದ್ದಕ್ಕೂ ಉರುಳಿಕೊಂಡು ಹೋದವು. ಒಂದಂತೂ ನಮ್ಮ ಶಿವಣ್ಣನ ಮನೆ ಬಾಗಿಲಿಗೇ ಹೋಗಿ ನಿಂತು ನಾವು ಬಂದ ಸುದ್ದಿ ತಿಳಿಸಿತು. ಅಂಗಡಿಯ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಏನ್ ಯಜಮಾನ್ರೆ, ಕಣ್ಣ ಮಂಡ್ಯದಲ್ಲೇ ಬುಟ್ಬುಟ್ಟು ಬಂದ್ರಾ?” ಎಂದಳು.

ಜಯಮ್ಮ ಇಳಿದು ಒಂದೊಂದೇ ಬಕೆಟ್ಟು ಆರಿಸಿ ಕೊಟ್ಟಳು. ಅಂದು ವಾಪಸು ಬರುವಾಗ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಬಂದೆವು. ಜಯಮ್ಮ ಮಾತಾಡದೆ ಕೂತರೆ ನನಗೆ ಕಾರಿನ ಎಲ್ಲ ಸದ್ದುಗಳೂ ಕೇಳಿಸುತ್ತವೆ. ಮದ್ದೂರು ದಾಟಿದ ಮೇಲೆ ಬಾಯಿ ಬಿಟ್ಟಳು. ಇನ್ನು ಕಾರು ಓಡಿಸುವುದು ಸಾಕು, ಕೀ ಶಿವಣ್ಣನಿಗೆ ಕೊಟ್ಟುಬಿಡಿ, ಕಾರು ಅವನ ಮನೆಯಲ್ಲೇ ಇರಲಿ, ಬೇಕಾದಾಗ ಅವನೇ ಬಂದು ಕರೆದುಕೊಂಡು ಹೋಗುತ್ತಾನೆ ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನಾಳೆಗೆ ಆರಿಹೋಗುತ್ತಿತ್ತು. ತಣ್ಣಗೆ ಹೇಳಿದಳು.

ಅಂದಿನಿಂದ ನಾನು ಮೊಬೈಲು ಹಿಡಿದು ಕೂತೆ. ಸ್ಟೇರಿಂಗು ಏಕೆ ಭಾರವಾಗುತ್ತದೆ ಎಂದು ಹುಡುಕುತ್ತ ಹುಡುಕುತ್ತ ಒಂದು ವಿಡಿಯೋ ಸಿಕ್ಕಿತು. ಟೋಪಿ ಹಾಕಿಕೊಂಡ ಒಬ್ಬ ಮಹಾಶಯ ಎರಡು ಚಕ್ರ ಎತ್ತಿ ತೋರಿಸಿ, ಇದು ಕಬ್ಬಿಣದ ಚಕ್ರ, ಇದು ಅಲಾಯ್ ಚಕ್ರ, ಹಗುರ ಚಕ್ರ ಹಾಕಿದರೆ ಕಾರು ಬೇರೆಯೇ ಕಾರಾಗುತ್ತದೆ ಎಂದು ಹೇಳುತ್ತಿದ್ದ. ಮೈಮೇಲೆ ಒಂದು ಕೆ.ಜಿ. ಹೊರುವುದು ಬೇರೆ, ಕಾಲಿಗೆ ಒಂದು ಕೆ.ಜಿ. ಕಟ್ಟಿಕೊಂಡು ನಡೆಯುವುದು ಬೇರೆ ಎಂದ. ನಾನು ಎದ್ದು ಕೂತೆ. ಎಂಥ ಮಾತು! ನಮ್ಮಪ್ಪನ ಕಾಲದಲ್ಲಿ ಗಾಡಿಗೆ ಮರದ ಚಕ್ರ, ಅದರ ಸುತ್ತ ಕಬ್ಬಿಣದ ಪಟ್ಟಿ. ಆಮೇಲೆ ಟೈರು ಗಾಡಿ ಬಂತು. ಮೊದಲ ದಿನ ಟೈರು ಗಾಡಿಗೆ ಹೂಡಿದಾಗ ನಮ್ಮ ಹಳ್ಳಿಕಾರ್ ಎತ್ತುಗಳು ಎರಡು ಹೆಜ್ಜೆ ಇಟ್ಟು ಹಿಂತಿರುಗಿ ನೋಡಿದವಂತೆ, ಗಾಡಿ ಕಳಚಿಕೊಂಡಿದೆಯೋ ಏನೋ ಎಂದು. ಇದನ್ನು ನಮ್ಮಪ್ಪ ಸಾಯುವವರೆಗೂ ಹೇಳುತ್ತಿದ್ದ. ಎತ್ತಿಗೇ ಗೊತ್ತಾದ ಮೇಲೆ ಚಕ್ರದ ತೂಕದಿಂದ ಏನೂ ವ್ಯತ್ಯಾಸವಿಲ್ಲ ಎಂದು ಮನುಷ್ಯ ಹೇಗೆ ಹೇಳುತ್ತಾನೆ? ಮರುದಿನ ಬೆಳಿಗ್ಗೆ ನಾನು ಒಂದು ಕಾಲಿಗೆ ಹವಾಯಿ ಚಪ್ಪಲಿ, ಇನ್ನೊಂದು ಕಾಲಿಗೆ ನನ್ನ ಹಳೆಯ ಕಾರ್ಖಾನೆ ಬೂಟು ಹಾಕಿಕೊಂಡು ಅಂಗಳದಲ್ಲಿ ಹತ್ತು ಸುತ್ತು ನಡೆದು ಪರೀಕ್ಷೆ ಮಾಡಿದೆ. ಬೂಟಿನ ಕಾಲು ಸೋತಿತು, ಚಪ್ಪಲಿ ಕಾಲು ಹನ್ನೊಂದನೇ ಸುತ್ತಿಗೂ ಸಿದ್ಧವಾಗಿತ್ತು. ಎದುರು ಮನೆಯವರು ನೋಡಿ ಜಯಮ್ಮನನ್ನು ಕರೆದು ನನ್ನ ಆರೋಗ್ಯ ವಿಚಾರಿಸಿದರು.

ವಿಷಯವನ್ನು ಜಯಮ್ಮನ ಮುಂದಿಟ್ಟೆ. ಭಾರವಾಗಿರುವುದು ಚಕ್ರ, ಸೋತಿರುವುದು ನಾನಲ್ಲ, ಅಲಾಯ್ ಚಕ್ರ ಹಾಕಿಸೋಣ ಎಂದೆ.

“ಅಳಿಯನ್ ಚಕ್ರಾನಾ?” ಎಂದಳು ಒಗ್ಗರಣೆ ಸೌಟು ಹಿಡಿದುಕೊಂಡು. “ಪಾಪ, ಅವರ ಕಾರ್ ಚಕ್ರ ಯಾಕ್ ಕೇಳಕ್ಕೋದ್ರಿ? ಅವರು ಏನ್ ಅಂದ್ಕಂಡಾರು?”

ನಮ್ಮ ಅಳಿಯ ಕೆ.ಆರ್. ಪೇಟೆಯಲ್ಲಿ ಮೇಷ್ಟ್ರು, ಸಂಕೋಚದ ಮನುಷ್ಯ. ಅವರ ಚಕ್ರಕ್ಕೆ ನಾನು ಕೈಹಾಕಿಲ್ಲ ಎಂದು ಬಿಡಿಸಿ ಹೇಳುವಷ್ಟರಲ್ಲಿ ಒಗ್ಗರಣೆ ಸೀದುಹೋಯಿತು. ಆದರೆ ಜಯಮ್ಮ ನ್ಯಾಯವಂತೆ. ಎಲ್ಲವನ್ನೂ ಕೇಳಿ ಒಂದು ತೀರ್ಮಾನ ಕೊಟ್ಟಳು. ಚಕ್ರ ಹಾಕಿಸಿ, ಆದರೆ ಹಾಕಿಸುವ ಮುಂಚೆ ಒಂದು ಸಲ, ಹಾಕಿಸಿದ ಮೇಲೆ ಒಂದು ಸಲ ಕಾರನ್ನು ತೂಕ ಹಾಕಿಸಬೇಕು. ಕಾರು ನಿಜವಾಗಿ ಹಗುರವಾಗಿದ್ದರೆ ಕೀ ನಿಮ್ಮ ಹತ್ತಿರ. ಇಲ್ಲವಾದರೆ ಮಳವಳ್ಳಿಗೆ. “ಬಾಯ್ತೂಕ ಬ್ಯಾಡ ಕಣ್ರೀ, ಚೀಟಿ ತೂಕ ಬೇಕು,” ಎಂದಳು. ತೂಕದವನ ಹೆಂಡತಿ ಅಲ್ಲವೆ! ನನಗೆ ಸಂತೋಷವಾಯಿತು. ನನ್ನ ವಿಷಯವನ್ನು ನನ್ನ ಕಟಕಟೆಯಲ್ಲೇ ವಿಚಾರಣೆಗೆ ಇಟ್ಟಿದ್ದಳು.

ಹೊರಟೆವು. ಹನಕೆರೆ ಹತ್ತಿರ ಹಳೆಯ ರಸ್ತೆಯಲ್ಲಿ ಲಾರಿ ತೂಗುವ ಒಂದು ವೇ ಬ್ರಿಡ್ಜ್ ಇದೆ. ಕಾರನ್ನು ಹಲಗೆಯ ಮೇಲೆ ನಿಲ್ಲಿಸಿದಾಗ ನನ್ನ ಮೈಯಲ್ಲಿ ಎಷ್ಟೋ ವರ್ಷದ ಹಿಂದಿನ ಒಂದು ಜುಮ್ಮು ಓಡಿತು. ಜಯಮ್ಮ ಮಂಡಿ ನೋವು ಎಂದು ಇಳಿಯಲಿಲ್ಲ. ಕಾರಿನ ಕಿಟಕಿಯಿಂದಲೇ ಚೀಟಿ ಈಸಿಕೊಂಡು ಓದಿದಳು. ಒಂಬೈನೂರ ಎಂಬತ್ತು. ಚೀಟಿಯನ್ನು ಪರ್ಸಿಗೆ ಹಾಕಿ ಜಿಪ್ಪು ಎಳೆದಳು. ಮದ್ದೂರಿನ ಚಕ್ರದಂಗಡಿಯಲ್ಲಿ ಕಬ್ಬಿಣದ ಚಕ್ರ ನಾಲ್ಕನ್ನೂ ಬಿಚ್ಚಿದರು, ಅವೇ ಟೈರುಗಳನ್ನು ಬೆಳ್ಳಿಯಂತೆ ಹೊಳೆಯುವ ಹೊಸ ರಿಮ್ಮುಗಳಿಗೆ ಏರಿಸಿದರು, ಗಾಳಿ ತುಂಬಿದರು, ನಟ್ಟು ಬಿಗಿದರು. ನಾನು ಹೆರಿಗೆ ಕೋಣೆಯ ಹೊರಗೆ ನಿಂತವನಂತೆ ಅತ್ತಿಂದಿತ್ತ ಓಡಾಡಿದೆ. ಹಳೆಯ ಚಕ್ರಗಳನ್ನು ಸದ್ಯ ಇಲ್ಲೇ ಇಟ್ಟಿರಿ, ಆಮೇಲೆ ಒಯ್ಯುತ್ತೇನೆ ಎಂದು ಹೇಳಿ ಕಾರು ಹತ್ತಿದೆ.

ಸ್ವಾಮಿ, ಏನು ಹೇಳಲಿ! ಅಂಗಡಿಯಿಂದ ರಸ್ತೆಗೆ ಬರುವ ಮೊದಲ ತಿರುವಿನಲ್ಲೇ ಸ್ಟೇರಿಂಗು ನನ್ನ ಕೈಗಿಂತ ಮುಂಚೆ ತಿರುಗಿತು. ಎರಡು ಬೆರಳು ಸಾಕು. ನಾನು ಬೇಕೆಂದೇ ಎರಡು ಬೆರಳಲ್ಲಿ ತಿರುಗಿಸಿ ಜಯಮ್ಮನಿಗೆ ತೋರಿಸಿದೆ. ಉಬ್ಬು ಬಂದರೆ ಕಾರು ಹಾರಿ ಕೂತಂತೆ, ಇಳಿಜಾರು ಬಂದರೆ ತೇಲಿದಂತೆ. ಗೂಟ ಕಿತ್ತ ಕರು ಹಿತ್ತಲಲ್ಲಿ ಓಡುತ್ತದಲ್ಲ, ಹಾಗೆ. ಎದುರಿಗೆ ಬಂದವರಿಗೆಲ್ಲ ಕಾರಣವಿಲ್ಲದೆ ಹಾರನ್ ಹೊಡೆದೆ. ನನಗೆ ಐವತ್ತು ವರ್ಷವಾಗಿಬಿಟ್ಟಿತು. ಹನಕೆರೆ ಬರುವಷ್ಟರಲ್ಲಿ ನಲವತ್ತೈದು.

ತೂಕದ ಹಲಗೆ ಏರಿದೆವು. ಈ ಸಲ ಜಯಮ್ಮ ನನ್ನ ಮುಖದ ಕಳೆ ನೋಡಿ ಅನುಮಾನಪಟ್ಟಳು. ಇವರು ಗುಮಾಸ್ತನಿಗೆ ಹೇಳಿ ಏನಾದರೂ ಮಾಡಿಸಿಯಾರು, ತಾನೇ ನಿಂತು ನೋಡುತ್ತೇನೆ ಎಂದು ಮಂಡಿ ನೋವನ್ನೂ ಲೆಕ್ಕಿಸದೆ ಇಳಿದಳು. ಗುಮಾಸ್ತನ ಕೋಣೆಯ ಕಿಟಕಿಯೊಳಗೆ ತಲೆ ಹಾಕಿ, ಯಂತ್ರದ ಕೆಂಪು ಅಂಕಿಗಳು ಕುಣಿದು ನಿಲ್ಲುವವರೆಗೂ ಕಣ್ಣು ಮಿಟುಕಿಸದೆ ನಿಂತಳು. ಒಂಬೈನೂರ ಹತ್ತು.

ಎಪ್ಪತ್ತು ಕೆ.ಜಿ.! ನಾನು ಹತ್ತೋ ಹದಿನೈದೋ ಎಂದುಕೊಂಡಿದ್ದೆ. ಎಪ್ಪತ್ತು! ಜಯಮ್ಮ ಎರಡು ಚೀಟಿಗಳನ್ನೂ ಪಕ್ಕಪಕ್ಕ ಹಿಡಿದು ಎರಡು ಸಲ ಕಳೆದು ನೋಡಿದಳು. ಆಮೇಲೆ ನನ್ನ ಕಡೆ ನೋಡಿದ ನೋಟ ಇದೆಯಲ್ಲ, ಮದುವೆಯಾದ ಹೊಸದರಲ್ಲಿ ಒಮ್ಮೆ ನೋಡಿದ್ದಳು, ಆಮೇಲೆ ಆಗಲೇ. “ಓಗ್ಲಿ, ನೀವ್ ಏಳಿದ್ದೇ ದಿಟ ಆಯ್ತು,” ಎಂದಳು. ಕೀ ನನ್ನದೇ ಎಂದು ಅಲ್ಲೇ ಒಪ್ಪಿಕೊಂಡಳು.

ಮರುದಿನ ಬೆಳಗಾಗುವುದನ್ನೇ ಕಾದು ಹಾಲಿನ ಡೈರಿ ಪಕ್ಕದ ಹೊಂಗೆ ಮರದ ಕಟ್ಟೆಗೆ ಹೋದೆ. ಅಲ್ಲಿ ನಾವು ನಾಲ್ಕೈದು ಜನ ನಿವೃತ್ತರು ಕೂರುತ್ತೇವೆ. ಹಿಂದೆ ಪೋಸ್ಟ್‌ಮ್ಯಾನ್ ಆಗಿದ್ದ ಬೋರೇಗೌಡ ನಮ್ಮಲ್ಲಿ ದೊಡ್ಡ ಪ್ರಶ್ನೆಗಾರ. ಚಕ್ರದ ಕಥೆ ಪೂರ್ತಿ ಹೇಳಿದೆ, ಎಪ್ಪತ್ತು ಎಂಬಲ್ಲಿ ಸ್ವಲ್ಪ ನಿಲ್ಲಿಸಿ ಹೇಳಿದೆ. ಎಲ್ಲರೂ ತಲೆದೂಗಿದರು. ತೂಕದ ಮಾತು ಬಂದಿದ್ದರಿಂದ ಉತ್ಸಾಹ ಏರಿ ತೂಕದ ಮನೆಯ ಹಳೆಯ ಕಥೆ ಒಂದನ್ನು ತೆಗೆದೆ. ಒಬ್ಬ ಗಾಡಿಯವನು ಕಬ್ಬಿನ ಹೊರೆಗಳ ನಡುವೆ ತನ್ನ ಭಾಮೈದನನ್ನು ಮಲಗಿಸಿ ತಂದಿದ್ದ. ತುಂಬಿದ ಗಾಡಿ ತೂಗುವಾಗ ಆಸಾಮಿ ಒಳಗೆ, ಬರಿಗಾಡಿ ತೂಗುವಾಗ ಹೊರಗೆ. ಕಬ್ಬಿನ ಲೆಕ್ಕದಲ್ಲಿ ಭಾಮೈದನೂ ಸೇರಿಕೊಂಡು ಅರೆಯುವುದಕ್ಕೆ ಹೋಗುತ್ತಿದ್ದ. ಒಂದು ದಿನ ಕಬ್ಬು ಸೀನಿತು. ನಾನು ಪೆನ್ನು ಕೆಳಗಿಟ್ಟು, ‘ಕಬ್ಬಿಗೆ ನೆಗಡಿ ಆಗಿದೆ, ಇಳಿಸಿ’ ಎಂದೆ. ಅಂದಿನಿಂದ ನಾನು ಗಾಡಿಯವರಿಗೆಲ್ಲ ಒಂದೇ ಪಾಠ ಹೇಳುತ್ತಿದ್ದೆ ಎಂದು ಕಟ್ಟೆಯವರಿಗೆ ಬೆರಳು ಎತ್ತಿ ಹೇಳತೊಡಗಿದೆ: ಮೊದಲನೇ ತೂಕದಲ್ಲಿ ಗಾಡಿ ಮೇಲೆ ಯಾರಿದ್ದರೋ ಎರಡನೇ ತೂಕದಲ್ಲೂ ಅವರೇ...

ಮಾತು ಅಲ್ಲೇ ನಿಂತಿತು. ಎತ್ತಿದ ಬೆರಳು ಎತ್ತಿದಂತೆಯೇ ಉಳಿಯಿತು.

“ಆಮ್ಯಾಕೆ?” ಎಂದ ಬೋರೇಗೌಡ.

ಆಮೇಲೆ ಏನೂ ಇಲ್ಲ ಎಂದೆ. ಮನೆಗೆ ಬಂದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ನಾನು ಎರಡು ಸಲವೂ ಸ್ಟೇರಿಂಗಿನ ಹಿಂದೆಯೇ ಇದ್ದೆ. ಮೊದಲ ತೂಕದಲ್ಲಿ ಜಯಮ್ಮ ಕಾರಿನ ಒಳಗೆ. ಎರಡನೇ ತೂಕದಲ್ಲಿ ಸಾಕ್ಷಿಯಾಗಿ ಹೊರಗೆ. ಮೂವತ್ತನಾಲ್ಕು ವರ್ಷ ಸಾವಿರಾರು ಗಾಡಿಯವರ ಕಿವಿ ಹಿಂಡಿ ಕಲಿಸಿದ ಪಾಠಕ್ಕೆ ನಾನೇ ಫೇಲಾಗಿದ್ದೆ. ಕಾರಿನಿಂದ ಇಳಿದ ಎಪ್ಪತ್ತು ಕೆ.ಜಿ. ಮದ್ದೂರಿನ ಅಂಗಡಿಯಲ್ಲಿ ಇರಲಿಲ್ಲ, ನಮ್ಮ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿತ್ತು. ಎತ್ತು, ಗಾಡಿ, ಆಳು, ಮೂಟೆ ಎಲ್ಲವನ್ನೂ ಕಣ್ಣಿನಲ್ಲೇ ತೂಗಿ ಹೇಳುತ್ತಿದ್ದವನು ನಾನು. ಮನೆಯಾಕೆಯನ್ನು ಮಾತ್ರ ಕಣ್ಣಿನಲ್ಲಿ ತೂಗುವ ಧೈರ್ಯ ಎಂದೂ ಮಾಡಿರಲಿಲ್ಲ. ಮಾಡಿದ್ದರೆ ಎಪ್ಪತ್ತು ಎಂಬ ಅಂಕಿ ಕಂಡ ಕೂಡಲೇ ಗುರುತು ಹಿಡಿಯುತ್ತಿದ್ದೆ.

ಅಲ್ಲಿಯವರೆಗೆ ಆದದ್ದು ತಪ್ಪು. ಆಮೇಲೆ ನಾನು ಮಾಡಿದ್ದು ಪಾಪ. ಬಚ್ಚಲಿನಿಂದ ಹೊರಗೆ ಬಂದು ಹೇಳಿಬಿಡಬಹುದಿತ್ತು. ಬಾಗಿಲ ಪಕ್ಕದ ಮೊಳೆಯಲ್ಲಿ ಕೀ ತೂಗುತ್ತಿತ್ತು. ಅದನ್ನು ನೋಡಿದೆ, ರೊಟ್ಟಿ ತಿಂದೆ, ಸುಮ್ಮನಾದೆ. ಸುಮ್ಮನಿದ್ದರೂ ಆಗುತ್ತಿತ್ತೇನೋ, ನಾನು ಸುಮ್ಮನಿರಲೂ ಇಲ್ಲ. ಯಾಕೆಂದರೆ ಸ್ಟೇರಿಂಗು ಹಗುರವಾಗಿದ್ದು ಸುಳ್ಳಲ್ಲ! ತರಕಾರಿಗೆ ಹೋದರೂ ಎರಡು ಬೆರಳು, ಔಷಧಿಗೆ ಹೋದರೂ ಎರಡು ಬೆರಳು. ಕಾರಿಗೆ ಕೂತ ಕೂಡಲೇ ಹುರುಪು ಬರುತ್ತಿತ್ತು, ಹುರುಪು ಬಂದ ಕೂಡಲೇ ಬಾಯಿಗೆ ಎಪ್ಪತ್ತು ಬರುತ್ತಿತ್ತು. ಕ್ಷೌರದಂಗಡಿಯಲ್ಲಿ ಎಪ್ಪತ್ತು, ರೇಷನ್ ಸಾಲಿನಲ್ಲಿ ಎಪ್ಪತ್ತು. ಜಯಮ್ಮನೂ ಫೋನಿನಲ್ಲಿ ತಮ್ಮನಿಗೆ ಎಪ್ಪತ್ತು ಹೇಳಿದಳು. ಪಾಪ, ತನ್ನದೇ ತೂಕವನ್ನು ತಾನೇ ಊರಿಗೆಲ್ಲ ಸಾರುತ್ತಿದ್ದೇನೆ ಎಂದು ಅವಳಿಗೇನು ಗೊತ್ತು. ಅವಳು ಒಂದೊಂದು ಸಲ ಹೇಳಿದಾಗಲೂ ನನಗೆ ಯಾರೋ ತಲೆಯ ಮೇಲೆ ಒಂದೊಂದು ಮೂಟೆ ಇಟ್ಟಂತಾಗುತ್ತಿತ್ತು.

ಮುಂದಿನ ಸಲ ಮಳವಳ್ಳಿಗೆ ಹೋದಾಗ ಬಕೆಟ್ ಅಂಗಡಿಯ ಮೂಲೆಯನ್ನು ಬೆಣ್ಣೆಯಲ್ಲಿ ಕೂದಲು ಎಳೆದಂತೆ ದಾಟಿಸಿದೆ. ಅಂಗಡಿಯ ಹೆಂಗಸು ನನ್ನನ್ನು ಕಂಡ ಕೂಡಲೇ ಬಕೆಟ್ಟುಗಳನ್ನು ಒಳಕ್ಕೆ ಎಳೆದುಕೊಳ್ಳತೊಡಗಿದ್ದವಳು ಕೈ ಬಿಟ್ಟು ನೋಡುತ್ತ ನಿಂತಳು. ಅಂಥ ವಿಜಯದಲ್ಲಿ ಮನೆ ಮುಂದೆ ಇಳಿದರೆ, ಶಿವಣ್ಣ ತನ್ನ ಬಾಡಿಗೆ ಕಾರನ್ನು ತೊಳೆದು ನಿಲ್ಲಿಸಿ, ಹೊರಡುವುದಕ್ಕೆ ಸಿದ್ಧನಾಗಿ ನಿಂತಿದ್ದಾನೆ. ಎಲ್ಲಿಗೆ ಎಂದರೆ ಮದ್ದೂರಿಗೆ. ಅದೇ ಅಂಗಡಿಗೆ ಹೇಳಿಯಾಗಿದೆ, ಅದೇ ಚಕ್ರ, ಇವತ್ತೇ ಹಾಕಿಸುವುದು. ದಿನಾ ಮೇಷ್ಟ್ರುಗಳನ್ನು ತುಂಬಿಕೊಂಡು ಹಳ್ಳಿ ದಾರಿಯಲ್ಲಿ ಓಡುವ ಕಾರು, ಎಪ್ಪತ್ತು ಕೆ.ಜಿ. ಇಳಿದರೆ ಒಬ್ಬ ಮೇಷ್ಟ್ರು ಇಳಿದಂತೆಯೇ ಅಲ್ಲವೆ ಎಂದು ಅವನ ಲೆಕ್ಕ. ಅವನ ಹೆಂಡತಿ ಸುಧಾ, ಮನೆಗೆ ಗ್ರೈಂಡರು ಬೇಕೆಂದು ಕೂಡಿಟ್ಟಿದ್ದನ್ನು ಚಕ್ರಕ್ಕೆ ಬಿಟ್ಟುಕೊಟ್ಟಿದ್ದಳು. ಬೇರೆ ಯಾರಾದರೂ ಹೇಳಿದ್ದರೆ ಬಿಡುತ್ತಿರಲಿಲ್ಲವಂತೆ. ಬಾವ ಹೇಳಿದ ತೂಕ ಎಂದು ಬಿಟ್ಟಳಂತೆ.

ಹೋಗುವ ಮುಂಚೆ ಒಂದು ಸಲ ನಿಮ್ಮ ಕಾರು ಓಡಿಸಿ ನೋಡುತ್ತೇನೆ ಎಂದು ಶಿವಣ್ಣ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆರೆ ಏರಿಯವರೆಗೆ ಹೋಗಿ ಬಂದ. ಹಗುರವಾಗಿದೆ ಬಾವ, ಸುಳ್ಳಲ್ಲ ಎಂದ. ನನ್ನ ಎದೆ ಅರಳಿತು. ಆದರೆ ಅವನು ಇಳಿದವನೇ ಒಂದು ಸುತ್ತು ಬಂದು ಟೈರುಗಳನ್ನು ಒಂದೊಂದಾಗಿ ಕಾಲಿನಲ್ಲಿ ಒದ್ದು ನೋಡಿದ.

“ಬಾವ, ಚಕ್ರ ಆಕ್ಸೋಕೆ ಮುಂಚೆ ಗಾಳಿ ಯಾವಾಗ ಇಡ್ಸಿದ್ರಿ?” ಎಂದ.

ಯೋಚನೆ ಮಾಡಿದೆ. ಇನ್ನೂ ಯೋಚನೆ ಮಾಡಿದೆ. ಹಿಂದಿನ ವರ್ಷದ ಯುಗಾದಿಯ ಹತ್ತಿರವೂ ನೆನಪು ಬರಲಿಲ್ಲ. ಬಂಕಿಗೆ ಹೋದಾಗ ಗಾಳಿಯ ಪೈಪು ಹತ್ತಿರ ಸಾಲು ಇರುತ್ತಿತ್ತು, ಟೈರು ನೋಡುವುದಕ್ಕೆ ಗುಂಡಗೇ ಇತ್ತು, ನಾನು ಹಾಗೇ ಬರುತ್ತಿದ್ದೆ. ಶಿವಣ್ಣ ನಕ್ಕ. ಟೈರು ಅರೆಹೊಟ್ಟೆಯಲ್ಲಿದ್ದರೆ ಸ್ಟೇರಿಂಗು ಕಲ್ಲಾಗುತ್ತದೆ, ಅಂಗಡಿಯವರು ಗಾಳಿ ಸರಿಯಾಗಿ ತುಂಬಿದ್ದಾರೆ, ನಿಮ್ಮ ಎರಡು ಬೆರಳಿನ ಗುಟ್ಟು ಅದೇ ಎಂದ. ಹಾಗಿದ್ದರೆ ನನ್ನ ತೋಳಿಗೆ ವಯಸ್ಸಾಗಿರಲಿಲ್ಲ, ಚಕ್ರವೂ ಭಾರವಾಗಿರಲಿಲ್ಲ. ಬಿಟ್ಟಿ ಗಾಳಿಯನ್ನು ತುಂಬಿಸುವುದಕ್ಕೆ ಸೋಮಾರಿತನ ಮಾಡಿದ್ದೆ, ಅಷ್ಟೇ. ಇದನ್ನು ಅರಗಿಸಿಕೊಳ್ಳುವಷ್ಟರಲ್ಲಿ ಅವನು ತನ್ನ ಕಾರಿನ ಬಾಗಿಲು ತೆಗೆದ. ಗಾಳಿಯ ಮಾತು ಬೇರೆ, ಎಪ್ಪತ್ತು ಕೆ.ಜಿ. ಅನ್ನುವುದು ಎಪ್ಪತ್ತು ಕೆ.ಜಿ.ಯೇ, ಅದೇನು ಗಾಳಿಯಲ್ಲಿ ಹೋಗುವುದಿಲ್ಲವಲ್ಲ ಎಂದ. ಸುಧಾ ಹೊಸಲಿನ ಮೇಲೆ ನಿಂತು, ನಿಂಬೆಹಣ್ಣು ಇಡುತ್ತೇನೆ ತಡಿ ಎಂದಳು.

ಆ ಕ್ಷಣದಲ್ಲಿ ನನ್ನೊಳಗೆ ಆದ ಜಗ್ಗಾಟ ಯಾವ ಎತ್ತಿನ ಜೋಡಿಗೂ ಬೇಡ. ಹೇಳಿದರೆ ಕೀ ಹೋಗುತ್ತದೆ. ಅದೂ ಯಾರಿಗೆ? ಎದುರಿಗೆ ನಿಂತಿರುವ ಇವನಿಗೇ. ಹೇಳದಿದ್ದರೆ ಆ ಹೆಣ್ಣುಮಗಳ ಗ್ರೈಂಡರು ನಾಲ್ಕು ಚಕ್ರಗಳಾಗಿ ಉರುಳುತ್ತದೆ. ನಿಂಬೆಹಣ್ಣು ಬಂತು. ಚಕ್ರದ ಕೆಳಗೆ ಇಡುವುದಕ್ಕೆ ಸುಧಾ ಬಗ್ಗಿದಳು.

“ಸುಧಾ, ತಡಿಯಮ್ಮ,” ಎಂದೆ. “ಶಿವಣ್ಣ, ಎಪ್ಪತ್ತು ಸುಳ್ಳು ಕಣಯ್ಯ.”

ಜಯಮ್ಮ ಒಳಗಿನಿಂದ ಬಂದಳು. ಏನು ಸುಳ್ಳು, ನಾನೇ ನಿಂತು ನೋಡಿದ್ದೇನೆ, ಚೀಟಿ ನನ್ನ ಹತ್ತಿರ ಇದೆ ಎಂದಳು. ಪರ್ಸಿನ ಜಿಪ್ಪು ತೆಗೆದಳು. ನಾನು ಹೇಳಿದೆ. ಮೊದಲ ತೂಕದಲ್ಲಿ ನೀನು ಒಳಗಿದ್ದೆ, ಎರಡನೆಯದರಲ್ಲಿ ಹೊರಗಿದ್ದೆ, ಮರುದಿನವೇ ನನಗೆ ಗೊತ್ತಾಯಿತು, ಕೀ ಆಸೆಗೆ ಬಾಯಿ ಮುಚ್ಚಿಕೊಂಡೆ, ತಪ್ಪಾಯಿತು ಎಂದೆ. ಒಂದೇ ಉಸಿರಿಗೆ ಹೇಳಿ ಕೀಯನ್ನು ಜೇಬಿನಿಂದ ತೆಗೆದು ಅಂಗೈ ಮೇಲೆ ಇಟ್ಟು ಚಾಚಿದೆ. ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ.

ಬೈಗುಳ ಬರಲಿಲ್ಲ. ಸುಧಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಶಿವಣ್ಣ ಆಕಾಶ ನೋಡುತ್ತಿದ್ದ. ಜಯಮ್ಮ ಚೀಟಿಗಳನ್ನು ನೋಡಿದಳು, ತಮ್ಮನ ಹೆಂಡತಿಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

“ಅಂಗಾರೆ ನಾನು ಎಪ್ಪತ್ತು ಕೇಜಿ ಅಂತ ಏಳ್ತಾ ಇದೀರಾ?”

ಓದುಗರೇ, ಸತ್ಯ ಹೇಳುವುದಕ್ಕೆ ಎಷ್ಟು ಸಿದ್ಧನಾಗಿದ್ದೆ ಎಂದರೆ, ಕೀಯ ಬಗ್ಗೆ ಕೇಳಿದ್ದರೆ ಹೇಳುತ್ತಿದ್ದೆ, ಸುಳ್ಳಿನ ಬಗ್ಗೆ ಕೇಳಿದ್ದರೆ ಹೇಳುತ್ತಿದ್ದೆ. ಅವಳು ಕೇಳಿದ್ದು ಈ ಪ್ರಶ್ನೆ. ಮೂವತ್ತನಾಲ್ಕು ವರ್ಷ ಒಂದು ಕೆ.ಜಿ.ಯನ್ನೂ ಹೆಚ್ಚು ಕಮ್ಮಿ ಬರೆಯದ ತೂಕದ ಚನ್ನಪ್ಪ, ಅವಳ ಕಣ್ಣು ನೋಡಿದ, ಸುಧಾಳ ಸೆರಗು ನೋಡಿದ, ಬಾಯಿ ಬಿಟ್ಟ.

“ಇಲ್ಲ ಕಣೆ. ನೀನು ಐವತ್ತೈದು.”

“ಮಿಕ್ಕಿದ್ದು?”

“ಮಿಕ್ಕಿದ್ದು ಚಕ್ರದ್ದು.”

ಶಿವಣ್ಣ ಬಗ್ಗಿ, ಇದ್ದಕ್ಕಿದ್ದಂತೆ ತನ್ನ ಟೈರಿನಲ್ಲಿ ಸಿಕ್ಕಿಕೊಂಡ ಒಂದು ಕಲ್ಲನ್ನು ಬಹಳ ಶ್ರದ್ಧೆಯಿಂದ ಕೀಳತೊಡಗಿದ. ಅವನ ಬೆನ್ನು ಅಲುಗುತ್ತಿತ್ತು. ನಾಲ್ಕು ಬರಿಯ ರಿಮ್ಮುಗಳನ್ನು ಬದಲಿಸಿದ ಮಾತ್ರಕ್ಕೆ ಹದಿನೈದು ಕೆ.ಜಿ.ಯೂ ಇಳಿಯುವುದಿಲ್ಲ ಎಂಬುದು ಕಾರಿನಲ್ಲೇ ಜೀವನ ಮಾಡುವ ಅವನಿಗೆ ಈಗ ಹೊಳೆಯದೆ ಇರಲು ಸಾಧ್ಯವೇ? ಆದರೆ ಒಳ್ಳೆಯವನು. ಎದ್ದು ನಿಂತು, ಮುಖ ಒರೆಸಿಕೊಂಡು, ಬರೀ ಹದಿನೈದಕ್ಕೆ ನನಗ್ಯಾಕೆ ಬುಡಿ ಬಾವ, ಮೇಷ್ಟ್ರುಗಳೇ ಒಂದೊಂದು ಮುದ್ದೆ ಕಮ್ಮಿ ಉಣ್ಣಲಿ ಎಂದ. ಸುಧಾ ನಿಂಬೆಹಣ್ಣನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಪಾನಕ ಮಾಡುವುದಕ್ಕೆ ಒಳಗೆ ಹೋದಳು. ಜಯಮ್ಮ ಮಾತ್ರ ಇನ್ನೂ ಎರಡು ಚೀಟಿ ಹಿಡಿದು ನಿಂತಿದ್ದಳು.

“ಐವತ್ತೈದಾ?” ಎಂದಳು ಇನ್ನೊಂದು ಸಲ. ದನಿ ಬೇರೆಯಾಗಿತ್ತು. ಆಮೇಲೆ ನನ್ನ ಚಾಚಿದ ಅಂಗೈಯನ್ನು ಮಡಿಸಿ ಕೀಯನ್ನು ಒಳಗೆ ಸೇರಿಸಿದಳು. “ಏನೋ, ಮುಚ್ಚಿಟ್ಟಿದ್ದು ತಪ್ಪು. ಆದ್ರೂ ಹದ್ನೈದು ಇಳ್ದದಲ್ಲ. ಮಾತು ಮಾತೇ. ಇಟ್ಕಳಿ.”

ಹೀಗೆ ಒಂದು ಸುಳ್ಳು ತೂಕವನ್ನು ಒಪ್ಪಿಕೊಳ್ಳುವುದಕ್ಕೆ ಬಾಯಿ ತೆಗೆದವನು ಇನ್ನೊಂದು ಸುಳ್ಳು ತೂಕ ಹೇಳಿ ಕೀ ಉಳಿಸಿಕೊಂಡೆ. ಈಗ ವಾರಕ್ಕೊಮ್ಮೆ ತಪ್ಪದೆ ಗಾಳಿ ತುಂಬಿಸುತ್ತೇನೆ. ಸ್ಟೇರಿಂಗು ಹೂವಿನಂತಿದೆ. ಹಗುರ ಚಕ್ರ ಹಾಕಿಸಿದರೆ ಕಾರು ಓಡುವುದರಲ್ಲಿ ನಿಜವಾಗಿ ವ್ಯತ್ಯಾಸ ಗೊತ್ತಾಗುತ್ತದೆಯೇ ಎಂದು ಕಟ್ಟೆಯಲ್ಲಿ ಬೋರೇಗೌಡ ಈಗಲೂ ಕೇಳುತ್ತಾನೆ. ಮನಸ್ಸು ತಡೆಯದೆ ಒಂದು ದಿನ ಮದ್ದೂರಿಗೆ ಹೋಗಿ, ಅಲ್ಲೇ ಬಿಟ್ಟಿದ್ದ ಹಳೆಯ ಚಕ್ರ ಒಂದನ್ನೂ ಹೊಸದೊಂದನ್ನೂ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದೆ. ಒಂದಕ್ಕೆ ಮುಕ್ಕಾಲು ಕೆ.ಜಿ. ವ್ಯತ್ಯಾಸ. ನಾಲ್ಕಕ್ಕೂ ಸೇರಿ ಮೂರು. ಇದನ್ನು ಯಾರಿಗೂ ಹೇಳಿರಲಿಲ್ಲ, ನಿಮಗೇ ಮೊದಲು.

ಹೋದ ತಿಂಗಳು ನಮ್ಮ ಬಡಾವಣೆಯಲ್ಲಿ ಆರೋಗ್ಯ ತಪಾಸಣೆ ಇತ್ತು. ಹೋಗಿ ನೋಡಿದರೆ ಬಾಗಿಲಲ್ಲೇ ತೂಕದ ಯಂತ್ರ. ಸಾಲು ಉದ್ದ ಇದೆ, ನಾಳೆ ಬರೋಣ ಎಂದು ಜಯಮ್ಮನ ಕೈ ಹಿಡಿದು ಎಳೆದೆ. ಅವಳು ಬರಲಿಲ್ಲ. ನೇರ ನರ್ಸಮ್ಮನ ಹತ್ತಿರ ಹೋಗಿ, ಯಂತ್ರದ ಕಡೆ ತಿರುಗಿಯೂ ನೋಡದೆ, “ನಂದು ಐವತ್ತೈದು, ಬರ್ಕಳವ್ವ. ನಮ್ಮೆಜಮಾನ್ರು ತೂಕದ ಮನೇಲಿ ಇದ್ದವ್ರು, ಅವರೇ ನೋಡವ್ರೆ,” ಎಂದಳು. ನರ್ಸಮ್ಮ ಜಯಮ್ಮನನ್ನು ನೋಡಿದಳು, ನನ್ನನ್ನು ನೋಡಿದಳು, ಏನೋ ಅರ್ಥವಾದವಳಂತೆ ಬರೆದುಕೊಂಡಳು. ಆಮೇಲೆ ನನ್ನನ್ನು ಹತ್ತಿ ಎಂದಳು. ನಾನಾದರೂ ಪ್ರಾಮಾಣಿಕವಾಗಿ ಇರೋಣ ಎಂದು ಚಪ್ಪಲಿ ಕೂಡ ಬಿಟ್ಟು ಹತ್ತಿದೆ. ಕೀ ಸಿಕ್ಕ ಸಂತೋಷಕ್ಕೆ ಹದಿನೈದು ದಿನಕ್ಕೊಮ್ಮೆ ಇದ್ದ ಮಳವಳ್ಳಿ ಪ್ರಯಾಣ ವಾರಕ್ಕೊಮ್ಮೆ ಆಗಿದೆ, ಹೋದಾಗಲೆಲ್ಲ ಸುಧಾ ಹೊಸ ಗ್ರೈಂಡರಿನಲ್ಲಿ ರುಬ್ಬಿ ದೋಸೆ ಹಾಕುತ್ತಾಳೆ, ಬರುವಾಗ ಮದ್ದೂರಿನಲ್ಲಿ ವಡೆ ಇದ್ದದ್ದೇ. ಅರವತ್ತೆಂಟು ಎಂದು ತೋರಿಸಿತು ಯಂತ್ರ. ಮೊದಲು ನಾನು ಅರವತ್ತೈದು ಇದ್ದೆ. ಚಕ್ರಗಳು ಅಷ್ಟು ಕಷ್ಟಪಟ್ಟು ಇಳಿಸಿದ ಆ ಮೂರು ಕೆ.ಜಿ.ಯನ್ನೂ ನಾನೇ ಹೊಟ್ಟೆಗೆ ಹಾಕಿಕೊಂಡು ಸ್ಟೇರಿಂಗಿನ ಹಿಂದೆ ಕೂತಿದ್ದೇನೆ.